ಆಬ್ಸಿಂತ್‌ಗೆ ಅಬ್ಬಿ ನೀರು

ಮೊದಲ ಸಲ ನನಗೆ ಆಬ್ಸಿಂತ್ ಅನ್ನುವ ಯುರೋಪಿನ ಗಿಡಮೂಲಿಕೆ ಮದ್ಯ ಕೊಟ್ಟವರು ಅದಕ್ಕೆ ಬೆಂಕಿ ಹಚ್ಚಿ ಕೊಟ್ಟರು. ಬೆಂಗಳೂರಿನ ಒಂದು ಪಬ್. ಸಣ್ಣ ಗ್ಲಾಸು, ಅದರ ಮೇಲೆ ಚಮಚ, ಚಮಚದಲ್ಲಿ ಸಕ್ಕರೆ, ಸಕ್ಕರೆಗೆ ನೀಲಿ ಬೆಂಕಿ. ಸುತ್ತ ಇದ್ದವರೆಲ್ಲ ಫೋನು ಹಿಡಿದು ವಿಡಿಯೋ ಮಾಡಿದರು. ನಾನು ಒಂದೇ ಗುಟುಕಿಗೆ ಇಳಿಸಿದೆ. ಸುಟ್ಟ ಸಕ್ಕರೆ, ಬಿಸಿ ಸ್ಪಿರಿಟ್ಟು, ಅಷ್ಟೇ. ಗಂಟಲಿಂದ ಹೊಟ್ಟೆಯವರೆಗೆ ಕೆಂಡದಲ್ಲಿ ಗೆರೆ ಎಳೆದ ಹಾಗಾಯಿತು. ಬಿಲ್ಲು ಬಂದಾಗ ಇನ್ನೊಂದು ಗೆರೆ. ಪ್ಯಾರಿಸ್ಸಿನ ಚಿತ್ರಕಾರರು, ಕವಿಗಳು ಇದಕ್ಕಾ ಅಷ್ಟೊಂದು ಹಾತೊರೆದದ್ದು ಅನ್ನಿಸಿತು.

ಬೆಂಕಿ ಹಚ್ಚುವುದು ಹಳೆ ಪದ್ಧತಿಯೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅದು 1990ರ ದಶಕದಲ್ಲಿ ಜೆಕ್ ದೇಶದ ಬಾರುಗಳಲ್ಲಿ ಶುರುವಾದ ಆಟ. ಹಳಬರು ಹಾಕುತ್ತಿದ್ದದ್ದು ನೀರು. ತಣ್ಣನೆ ನೀರು, ಅದೂ ಹನಿ ಹನಿಯಾಗಿ.

ಎರಡನೇ ಸಲ ಕುಡಿದದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ. ಪುನರ್ವಸು ಮಳೆ. ಚಿಕ್ಕಪ್ಪನ ಮಗ ಸ್ವಿಟ್ಜರ್ಲೆಂಡಿನಲ್ಲಿ ಆರು ತಿಂಗಳ ಕೆಲಸ ಮುಗಿಸಿ ಬಂದಿದ್ದ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ 2 ಲೀಟರ್ ತರಬಹುದು. ಅವನು ಆ ಲೆಕ್ಕದಲ್ಲಿ ಎರಡು ಬಾಟಲಿ ತಂದಿದ್ದ. ಒಂದು ಆಬ್ಸಿಂತ್, 53 ಪರ್ಸೆಂಟ್. ಇನ್ನೊಂದು ಫ್ರಾನ್ಸಿನ ಹಸಿರು ಶಾರ್ತ್ರೂಸ್, 55 ಪರ್ಸೆಂಟ್. ನಮ್ಮ ಮಾಮೂಲಿ ವಿಸ್ಕಿ 42.8 ಅಂತ ನೆನಪಿಟ್ಟುಕೊಂಡರೆ ಇವುಗಳ ಖಾರ ಅಂದಾಜಾಗುತ್ತದೆ.

ಆಬ್ಸಿಂತ್ ಬಾಟಲಿ ನೋಡಿ ನನಗೆ ನಿರಾಸೆಯಾಯಿತು. ಹಸಿರೇ ಇಲ್ಲ. ನೀರಿನ ಹಾಗೆ ತಿಳಿಯಾಗಿತ್ತು. ಅದು ವಾಲ್ ದ ತ್ರಾವೆರ್ ಅನ್ನುವ ಕಣಿವೆಯದು. ಆಬ್ಸಿಂತ್ ಹುಟ್ಟಿದ್ದೇ ಅಲ್ಲಿ, 1700ರ ದಶಕದ ಕೊನೆಗೆ. ಸ್ವಿಸ್ ಸರ್ಕಾರ 1910ರಲ್ಲಿ ನಿಷೇಧ ಹಾಕಿತು, 2005ರಲ್ಲಿ ತೆಗೆಯಿತು. ನಡುವಿನ 95 ವರ್ಷ ಕಣಿವೆಯವರು ಸುಮ್ಮನೆ ಕೂತಿದ್ದರಾ? ಮನೆ ಹಿತ್ತಲಲ್ಲಿ, ಹಟ್ಟಿಯಲ್ಲಿ ಕದ್ದು ಕಾಯಿಸಿದರು. ಬಣ್ಣ ಇಲ್ಲದಿದ್ದರೆ ಗುರುತು ಹಿಡಿಯುವುದು ಕಷ್ಟ, ಹಾಗಾಗಿ ಅಲ್ಲಿ ಬಿಳಿಯದೇ ಜಾಸ್ತಿ ನಡೆಯಿತು. ಕಾಡು, ಮಳೆ, ಕಳ್ಳಬಟ್ಟಿ. ನಮ್ಮ ಕಡೆಯ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಸಿರು ಆಬ್ಸಿಂತ್‌ನ ಬಣ್ಣ ಬರುವುದು ಭಟ್ಟಿ ಇಳಿಸಿದ ಮೇಲೆ ನೆನೆಹಾಕುವ ಸೊಪ್ಪಿನಿಂದ. ಎಲೆಯ ಹಸಿರೇ ಅದು. ಬಿಸಿಲಿಗೆ ಇಟ್ಟರೆ ಒಣ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಗಿಣಿ ಹಸಿರು ಹೊಳೆಯುತ್ತಿದ್ದರೆ ಅದು ಕೃತಕ ಬಣ್ಣ ಅಂತ ಅನುಮಾನ ಪಡಬಹುದು. ಪಬ್ಬಿನಲ್ಲಿ ಕುಡಿದದ್ದು ಅಂಥದ್ದೇ ಇರಬೇಕು.

ಕರೆಂಟು ಹೋಗಿ ಎರಡು ದಿನವಾಗಿತ್ತು. ಫ್ರಿಜ್ಜಿನಲ್ಲಿ ಐಸ್ ಎಲ್ಲಿಂದ? ಆದರೆ ಅಬ್ಬಿ ನೀರಿತ್ತು. ಗುಡ್ಡದ ಮೇಲಿಂದ ತಾನೇ ಹರಿದು ಅಂಗಳಕ್ಕೆ ಬರುವ ನೀರು. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪು. ಆಷಾಢದಲ್ಲಿ ಅದನ್ನು ಬಾಯಿಗೆ ಹಾಕಿದರೆ ಹಲ್ಲು ಜುಂ ಅನ್ನುತ್ತದೆ. ಹನಿ ಬಿಡಲು ಯುರೋಪಿನವರ ಹತ್ತಿರ ನಲ್ಲಿ ಇರುವ ಗಾಜಿನ ಕಾರಂಜಿ ಇರುತ್ತದಂತೆ. ನಮ್ಮ ಹತ್ತಿರ ಗಿಂಡಿ ಇತ್ತು. ಹಿತ್ತಾಳೆ ಗಿಂಡಿಯ ಸಣ್ಣ ಸೊಂಡಿಲಿನಿಂದ ನೂಲಿನ ಹಾಗೆ ನೀರು ಬಿಡಬಹುದು. ಸ್ವಲ್ಪ ಕೈ ಪಳಗಬೇಕು. ಅಮ್ಮ ನೋಡಿ, "ದೇವರ ಗಿಂಡಿ ಮುಟ್ಟಿದ್ರೆ ನೋಡು" ಅಂದರು. ಕೈಕಾಲು ತೊಳೆಯುವ ಗಿಂಡಿ ಅಂತ ತೋರಿಸಿದೆ. ಅದೂ ಅವರಿಗೆ ಸಮಾಧಾನ ತರಲಿಲ್ಲ.

ಸಕ್ಕರೆಯದ್ದು ದೊಡ್ಡ ಫಜೀತಿ. ತೂತಿನ ಚಮಚದ ಬದಲು ಟೀ ಜರಡಿ ಇಟ್ಟೆವು. ಸಕ್ಕರೆ ಅಚ್ಚು ಇಲ್ಲ. ಪುಡಿ ಸಕ್ಕರೆ ಜರಡಿಯಿಂದ ಉದುರಿತು. ಕಲ್ಲುಸಕ್ಕರೆ ಕರಗಲೇ ಇಲ್ಲ, ಹನಿಯ ಕೆಳಗೆ ಶಿವಲಿಂಗದ ಹಾಗೆ ಕೂತೇ ಇತ್ತು. ಜೋನಿ ಬೆಲ್ಲ ಹಾಕಿದ್ದು ನನ್ನ ಐಡಿಯಾ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊನೆಗೆ ಸಿಹಿಯೇ ಇಲ್ಲದೆ ಮಾಡಿದೆವು. ಬಿಳಿ ಆಬ್ಸಿಂತ್‌ಗೆ ಸಕ್ಕರೆ ಬೇಕಾಗುವುದೂ ಇಲ್ಲ.

30 ಮಿಲೀ ಆಬ್ಸಿಂತ್. ಗಿಂಡಿ ಬಗ್ಗಿಸಿದೆ. ಮೊದಲ ಹನಿಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಳಗೆ ಎಣ್ಣೆಯ ಎಳೆಗಳು ಸುತ್ತಿಕೊಂಡವು. ಎರಡು ಚಮಚದಷ್ಟು ನೀರು ಬಿದ್ದಾಗ ಬೆಳ್ಳಗೆ ಹೊಗೆ ಎದ್ದಿತು. ನೋಡ್ತಾ ನೋಡ್ತಾ ಇಡೀ ಗ್ಲಾಸು ಹಾಲಾಯಿತು.

"ಕುಂದಾದ್ರಿ ಕೆಳಗೆ ಮಂಜು ತುಂಬಿದ ಹಾಗಿದೆ" ಅಂದ ಚಿಕ್ಕಪ್ಪನ ಮಗ.

"ಡೆಟಾಲ್" ಅಂದರು ಅಮ್ಮ.

ಅಮ್ಮನ ಹೋಲಿಕೆಯೇ ಹೆಚ್ಚು ಸರಿ. ಆಬ್ಸಿಂತ್‌ಗೆ ಹಾಕುವ ಸೋಂಪು ಜಾತಿಯ ಕಾಳುಗಳಲ್ಲಿ ಅನೆಥೋಲ್ ಅನ್ನುವ ಎಣ್ಣೆ ಇದೆ. ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಹೆಚ್ಚಾದಂತೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರೆಯಾಗುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ವಾಸನೆ ಬಿಚ್ಚಿಕೊಳ್ಳುವುದೂ ಆಗಲೇ. ನೀರು ಹಾಕದೆ ಮೂಗಿಟ್ಟರೆ ಬರೀ ಸ್ಪಿರಿಟ್ಟು. ಹಾಕಿದ ಮೇಲೆ ಕೋಣೆಯೆಲ್ಲ ಘಮ.

90 ಮಿಲೀ ನೀರಿಗೆ ನಾಲಿಗೆ ಇನ್ನೂ ಜೋಮು ಹಿಡಿಯುತ್ತಿತ್ತು. 120ಕ್ಕೆ ಸರಿಹೋಯಿತು. ಲೆಕ್ಕ ಹಾಕಿದರೆ ಆಗ ಅದು ಸುಮಾರು 10.6 ಪರ್ಸೆಂಟ್, ಅಂದರೆ ವೈನಿಗಿಂತ ಸ್ವಲ್ಪ ಸೌಮ್ಯ. ಎಲ್ಲರೂ ಹೆದರಿಸುವ ಆಬ್ಸಿಂತ್ ನಿಜವಾಗಿ ಗ್ಲಾಸಿಗೆ ಬರುವಾಗ ಇಷ್ಟೇ. ಒಂದೇ ಸಲ ಸುರಿದರೆ ಮಾತ್ರ ಕೆಟ್ಟಿತು. ಎರಡನೇ ಗ್ಲಾಸಿಗೆ ನಾನು ಅವಸರ ಮಾಡಿ ಸುರಿದೆ. ಬೆಳ್ಳಗಾಯಿತು, ಆದರೆ ರುಚಿ ಚಪ್ಪೆ.

ಮೊದಲು ಮೂಗಿಗೆ ಬಂದದ್ದು ಸೋಂಪು, ಊಟದ ಮನೆಯ ಬಾಗಿಲಲ್ಲಿ ತಟ್ಟೆಯಲ್ಲಿಡುತ್ತಾರಲ್ಲ, ಅದೇ. ಅದರ ಹಿಂದೆ ಇನ್ನೊಂದು ವಾಸನೆ ಇತ್ತು. ಗೊತ್ತಿರುವ ವಾಸನೆ, ಹೆಸರು ಮಾತ್ರ ಬರುತ್ತಿಲ್ಲ. ಗ್ಲಾಸು ಅಜ್ಜಿಯ ಕೈಗೆ ಕೊಟ್ಟೆ. ಅವರು ಕುಡಿಯುವುದಿಲ್ಲ, ಮೂಸಿದರು ಅಷ್ಟೆ. "ದವನ ಅಲ್ವಾ ಇದು?"

ದವನವೇ, ಅಂದರೆ ಅದರ ದಾಯಾದಿ. ಆಬ್ಸಿಂತ್‌ಗೆ ಹೆಸರು ಕೊಟ್ಟ ಗಿಡ ಆರ್ಟಿಮಿಸಿಯಾ ಅಬ್ಸಿಂಥಿಯಂ. ನಮ್ಮ ಹೂವಿನ ಮಾಲೆಯ ದವನ ಆರ್ಟಿಮಿಸಿಯಾ ಪಾಲೆನ್ಸ್. ಮಾಚಿಪತ್ರೆಯೂ ಇದೇ ಮನೆತನ. ಬೆಂಗಳೂರಿನ ಪಬ್ಬಿನಲ್ಲಿ ಬೆಂಕಿ ಸುಟ್ಟು ಹಾಕಿದ್ದು ಇದನ್ನೇ.

ಇಲ್ಲಿ ನನ್ನದೊಂದು ಹಳೆ ಮೂರ್ಖತನ ಹೇಳಬೇಕು. ಹಿಂದಿನ ವರ್ಷ ಮಾಚಿಪತ್ರೆಯನ್ನು ವೋಡ್ಕಾದಲ್ಲಿ ಎರಡು ವಾರ ನೆನೆಹಾಕಿ "ಮಲೆನಾಡು ಆಬ್ಸಿಂತ್" ಮಾಡಲು ಹೊರಟಿದ್ದೆ. ಅರ್ಧ ಚಮಚ ನಾಲಿಗೆಗೆ ಹಾಕಿಕೊಂಡವನು ಸಂಜೆವರೆಗೆ ಕಾಫಿಯ ರುಚಿ ಕಾಣಲಿಲ್ಲ. ಎಲ್ಲ ತೋಟಕ್ಕೆ ಚೆಲ್ಲಿದೆ. ಕಾರಣ ಈಗ ಗೊತ್ತು. ಈ ಜಾತಿಯ ಗಿಡಗಳಲ್ಲಿ ವಿಪರೀತ ಕಹಿ ಇರುತ್ತದೆ. ಭಟ್ಟಿ ಇಳಿಸುವಾಗ ಘಮ ಆವಿಯ ಜೊತೆ ಮೇಲೆ ಹೋಗುತ್ತದೆ, ಕಹಿ ಹಂಡೆಯ ತಳದಲ್ಲೇ ಉಳಿಯುತ್ತದೆ. ಹಾಗಾಗಿ ಒಳ್ಳೆ ಆಬ್ಸಿಂತ್ ಅಷ್ಟೇನೂ ಕಹಿ ಅಲ್ಲ. ಮನೆಯಲ್ಲಿ ಭಟ್ಟಿ ಹಚ್ಚುವುದು ಅಪರಾಧ, ಅದರ ಮಾತೇ ಬೇಡ. ಆನ್‌ಲೈನಿನಲ್ಲಿ ಸಿಗುವ ಸುಗಂಧ ಎಣ್ಣೆ ತಂದು ಬೆರೆಸುವ ಯೋಚನೆಯೂ ಬೇಡ. ಅಮೆರಿಕದಲ್ಲಿ ಒಬ್ಬ ಆ ಗಿಡದ ಎಣ್ಣೆಯನ್ನೇ ಆಬ್ಸಿಂತ್ ಅಂದುಕೊಂಡು ಸುಮಾರು 10 ಮಿಲೀ ಕುಡಿದು, ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದ ವಿಷಯ 1997ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ.

ಭ್ರಮೆ ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಹಸಿರು ಕಿನ್ನರಿ ಅಂತ ಆಬ್ಸಿಂತ್‌ಗೆ ಅಡ್ಡಹೆಸರು. ಆ ಕಿನ್ನರಿ ಬರಲಿಲ್ಲ, ರಾತ್ರಿ ಹತ್ತಕ್ಕೆ ಕರೆಂಟು ಬಂತು. ಆಬ್ಸಿಂತ್‌ನ ಹೆಸರು ಕೆಡಿಸಿದ್ದು 1905ರ ಒಂದು ಕೊಲೆ. ಸ್ವಿಟ್ಜರ್ಲೆಂಡಿನ ಝಾನ್ ಲಾನ್‌ಫ್ರೇ ಅನ್ನುವ ಕೂಲಿಯವನು ಬಸುರಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಗುಂಡಿಟ್ಟು ಕೊಂದ. ಅವತ್ತು ಅವನು ಕುಡಿದ ವೈನಿಗೆ ಲೆಕ್ಕವಿರಲಿಲ್ಲ, ಬ್ರಾಂಡಿ ಬೇರೆ. ಆಬ್ಸಿಂತ್ ಎರಡೇ ಗ್ಲಾಸು. ತಪ್ಪು ಹೊತ್ತದ್ದು ಮಾತ್ರ ಆ ಎರಡು ಗ್ಲಾಸು. 1908ರಲ್ಲಿ ಜನ ನಿಷೇಧಕ್ಕೆ ಓಟು ಹಾಕಿದರು. ಫ್ರಾನ್ಸ್ 1915ರಲ್ಲಿ ನಿಲ್ಲಿಸಿತು. ಗಿಡದಲ್ಲಿ ಥೂಜೋನ್ ಅನ್ನುವ ಅಂಶ ಇರುವುದು ನಿಜ, ಜಾಸ್ತಿಯಾದರೆ ಫಿಟ್ಸ್ ತರಿಸುವುದೂ ನಿಜ. ಯುರೋಪಿನಲ್ಲಿ ಈಗ ಕಿಲೋಗೆ 35 ಮಿಲಿಗ್ರಾಂ ಮಿತಿ ಇದೆ. ಅದು ಕೆಲಸ ಮಾಡುವಷ್ಟು ಕುಡಿಯುವ ಮೊದಲೇ ಆಲ್ಕೋಹಾಲು ಮನುಷ್ಯನನ್ನು ಮಲಗಿಸಿರುತ್ತದೆ.

ಮಾರನೇ ರಾತ್ರಿ ಶಾರ್ತ್ರೂಸ್. ಕಾರ್ಥೂಸಿಯನ್ ಸನ್ಯಾಸಿಗಳು ಮಾಡುವ ಮದ್ಯ, 130 ಗಿಡಮೂಲಿಕೆ. 1605ರಲ್ಲಿ ಅವರ ಕೈಗೆ ಬಂದ ಹಸ್ತಪ್ರತಿಯಿಂದ ಶುರುವಾದದ್ದು. ಪೂರ್ತಿ ಪಾಕ ಗೊತ್ತಿರುವುದು ಬೆರಳೆಣಿಕೆಯ ಸನ್ಯಾಸಿಗಳಿಗೆ ಮಾತ್ರ. ನಮ್ಮ ಅಜ್ಜಿಯ ಕಷಾಯ ಪುಡಿಯದ್ದೂ ಅದೇ ಕಥೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಜೇಷ್ಠಮಧು, ಇಷ್ಟು ಎಲ್ಲರಿಗೂ ಗೊತ್ತು. ಅಳತೆ ಕೇಳಿದರೆ "ಕೈಗೆ ಗೊತ್ತಾಗುತ್ತೆ" ಅನ್ನುತ್ತಾರೆ.

ಹತ್ತು ಮಿಲೀ ಹಾಗೇ ನೆಕ್ಕಿದೆ. ಮೊದಲು ಸಿಹಿ, ತಕ್ಷಣ ಬೆಂಕಿ, ಆಮೇಲೆ ಯಾವುದೋ ಒದ್ದೆ ಸೊಪ್ಪು, ಕೊನೆಗೆ ಲವಂಗದಂಥದ್ದು. ಹಿಡಿಯಲು ಹೋದರೆ ಜಾರುತ್ತದೆ. ನಾನು ಕಣ್ಣು ಕಿರಿದು ಮಾಡಿದ್ದನ್ನು ಅಜ್ಜಿ ನೋಡಿದರು. "ನೀರು ಹಾಕದೆ ಯಾರಾದ್ರೂ ಅರಿಷ್ಟ ಕುಡೀತಾರಾ?" ಅಂದರು. ಮನೆಯಲ್ಲಿ ಬಾಣಂತಿಯರಿಗೆ ದಶಮೂಲಾರಿಷ್ಟ ಕೊಡುವಾಗ ಸಮ ಸಮ ನೀರು ಬೆರೆಸಿಯೇ ಕೊಡುತ್ತಿದ್ದರು. ಅರಿಷ್ಟಗಳೂ ಧಾತಕಿ ಹೂ ಹಾಕಿ ಹುಳಿಬರಿಸಿದವು, ಅವುಗಳಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲು ಇರುತ್ತದೆ. ಶಾರ್ತ್ರೂಸಿಗೂ ಹಾಗೇ ಮಾಡಿ ನೋಡಿದೆ. ಖಾರ ಇಳಿಯಿತು, ಒಳಗಿನ ಸೊಪ್ಪುಗಳು ಒಂದೊಂದೇ ಮುಖ ತೋರಿಸಿದವು. ಬಲ್ಲವರು ಇದನ್ನು ಹಾಗೇ ಕುಡಿಯಬೇಕು ಅನ್ನುತ್ತಾರೆ. ನಾನು ಅಜ್ಜಿ ಪಕ್ಷ.

ಆಮೇಲೆ ಒಂದೆರಡು ಬೇರೆಯವೂ ಆದವು. ಜರ್ಮನಿಯ ಯೇಗರ್‌ಮೈಸ್ಟರ್, 56 ಮೂಲಿಕೆ, 35 ಪರ್ಸೆಂಟ್. ನನಗೆ ಸಿಹಿ ಜಾಸ್ತಿ. ಗ್ರೀಸಿನ ಊಝೋವನ್ನು ಫ್ರೀಜರಿನಲ್ಲಿ ಇಟ್ಟು ಎಡವಟ್ಟು ಮಾಡಿದೆ. ಸೋಂಪಿನ ಎಣ್ಣೆ ಬೆಳ್ಳಗೆ ಹರಳುಗಟ್ಟಿತು. ಕೆಟ್ಟಿತು ಅಂತ ಚೆಲ್ಲಬೇಡಿ, ಹೊರಗಿಟ್ಟರೆ ಕರಗುತ್ತದೆ. ಇಟಲಿಯ ಫರ್ನೆಟ್ ಬ್ರಾಂಕಾ ಮಾತ್ರ ಗಟ್ಟಿಗ. 39 ಪರ್ಸೆಂಟ್. ಕಿರಾತಕಡ್ಡಿ ಕಷಾಯಕ್ಕೆ ಪೆಪ್ಪರ್‌ಮಿಂಟ್ ಅರೆದು ಹಾಕಿದ ಹಾಗೆ. ಶಿವಮೊಗ್ಗದ ಗೆಳೆಯನೊಬ್ಬ ಬಾಯಿಗೆ ಹಾಕಿ ಅಂಗಳಕ್ಕೆ ಓಡಿದ. ಆದರೆ ಕಡುಬು, ಕೋಳಿ ಸಾರು ಹೊಟ್ಟೆ ಬಿರಿಯೆ ತಿಂದ ಮೇಲೆ ಒಂದು ಸಣ್ಣ ಲೋಟ ಹಿಡಿದು ಜಗಲಿಯಲ್ಲಿ ಕೂತರೆ ಅದರ ಕಹಿಗೆ ಅರ್ಥ ಬರುತ್ತದೆ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕಷಾಯ ಕುಡಿಸಿಕೊಂಡವರಿಗೆ ಇದು ಬೇಗ ಒಗ್ಗುತ್ತದೆ ಅಂತ ನನ್ನ ಲೆಕ್ಕ. ಆ ಗೆಳೆಯ ಮಾತ್ರೆ ನುಂಗಿ ಬೆಳೆದವನು.

ಆಬ್ಸಿಂತ್ ಇನ್ನೂ ನಾಲ್ಕು ಬೆರಳಷ್ಟು ಉಳಿದಿದೆ. ಮಳೆ ಹಿಡಿಯದೆ ತೆಗೆಯುವುದಿಲ್ಲ, ಬೇಸಿಗೆಯಲ್ಲಿ ಅಬ್ಬಿ ನೀರಿಗೆ ಆ ಚಳಿ ಇರುವುದಿಲ್ಲ. ಶಾರ್ತ್ರೂಸಿನ ಖಾಲಿ ಬಾಟಲಿಯನ್ನು ಅಜ್ಜಿ ತೊಳೆದು ಜೇನುತುಪ್ಪ ತುಂಬಿಸಿಟ್ಟಿದ್ದಾರೆ. ಎಷ್ಟು ತೊಳೆದರೂ ವಾಸನೆ ಹೋಗಿಲ್ಲ. ಔಷಧಿಗೆ ಅಂತ ಜೇನು ಕೇಳಿಕೊಂಡು ಹೋದ ಪಕ್ಕದ ಮನೆಯವರು, ಇದು ಯಾವ ಹೂವಿನ ಜೇನು ಅಂತ ಎರಡು ಸಲ ಕೇಳಿದ್ದಾರೆ.