ಶಂಕರಪೋಳಿಯಿಂದ ಕಾರಿನ ಜಾಕ್‌ವರೆಗೆ: ವಜ್ರಾಕೃತಿ ಬರೆಯುವುದು ಹೀಗೆ

ದೀಪಾವಳಿ ಹತ್ತಿರ ಬಂದರೆ ಗಂಗಾವತಿಯ ನಮ್ಮ ಮನೆಯಲ್ಲಿ ಶಂಕರಪೋಳಿ ಕೊಯ್ಯುವ ಕೆಲಸ ನನ್ನದು. ಅವ್ವ ಹಿಟ್ಟು ಲಟ್ಟಿಸಿ ಮುಂದಿಡುತ್ತಾಳೆ. ನಾನು ಚಾಕು ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಓರೆಯಾಗಿ ಗೆರೆ ಎಳೆಯುತ್ತೇನೆ. ಹೋದ ಸಲ ಅಣ್ಣನ ಮಗಳು ಒಂದು ತುಂಡು ಎತ್ತಿ ಹಿಡಿದು, ‘ಕಾಕಾ, ಇದು ವಜ್ರಾಕೃತಿ ಹೌದಲ್ಲ?’ ಅಂದಳು. ಸ್ಕೇಲ್ ತರಿಸಿದೆ. ಒಂದು ಬದಿ 2 ಸೆಂ.ಮೀ., ಪಕ್ಕದ್ದು ಎರಡೂವರೆ. ಅದು ಬರೀ ಸಮಾಂತರ ಚತುರ್ಭುಜ, ಅಂದರೆ ಎದುರು ಬದಿಗಳು ಸಮಾಂತರ ಇರುವ ಆಕಾರ. ಮಕ್ಕಳಿಗೆ ಗಣಿತ ಹೇಳಿಕೊಡುವವನ ಕೈಯಲ್ಲೇ ಈ ಪಾಡು!

ತಪ್ಪು ಎಲ್ಲಿತ್ತು? ಉದ್ದ ಗೆರೆಗಳ ನಡುವೆ ಒಂದು ಅಂತರ, ಓರೆ ಗೆರೆಗಳ ನಡುವೆ ಇನ್ನೊಂದು ಅಂತರ ಬಿಟ್ಟಿದ್ದೆ. ಎರಡೂ ಕಡೆ ಒಂದೇ ಅಂತರ ಬಿಟ್ಟರೆ ನಾಲ್ಕೂ ಬದಿ ತಾನಾಗಿಯೇ ಸಮ ಬರುತ್ತವೆ. ನಾಲ್ಕೂ ಬದಿ ಸಮ ಇರುವ ಚತುರ್ಭುಜವೇ ವಜ್ರಾಕೃತಿ.

ಹಾಗಂತ ‘5 ಸೆಂ.ಮೀ. ಬದಿಯ ವಜ್ರಾಕೃತಿ ಬರಿ’ ಅಂದರೆ ಎಲ್ಲರದ್ದೂ ಒಂದೇ ಆಕಾರ ಬರಬೇಕೆಂದಿಲ್ಲ. ನಂಬಿಕೆ ಬರದಿದ್ದರೆ ಕಸಬರಿಗೆಯ ನಾಲ್ಕು ಕಡ್ಡಿಗಳನ್ನು ಸಮ ಕತ್ತರಿಸಿ, ಮೂಲೆಗಳಿಗೆ ಸೈಕಲ್ ವಾಲ್ ಟ್ಯೂಬಿನ ತುಂಡು ಸಿಕ್ಕಿಸಿ ನೋಡಿ. ಚೌಕ ಆಗುತ್ತದೆ. ಎರಡು ಮೂಲೆ ಹಿಡಿದು ಸ್ವಲ್ಪ ಒತ್ತಿ, ಓರೆಯಾಗುತ್ತದೆ. ಇನ್ನೂ ಒತ್ತಿ, ಚಪ್ಪಟೆ. ಕಡ್ಡಿಗಳು ಅವೇ, ಆಕಾರ ಮಾತ್ರ ಬೇರೆ ಬೇರೆ. ಅದಕ್ಕೇ ಬದಿಯ ಜೊತೆಗೆ ಒಂದು ಕೋನ ಅಥವಾ ಒಂದು ಕರ್ಣ (ಎದುರು ಮೂಲೆಗಳನ್ನು ಕೂಡಿಸುವ ಗೆರೆ) ಗೊತ್ತಿರಬೇಕು. ನನಗೆ ಕರ್ಣದ ದಾರಿಯೇ ಇಷ್ಟ.

ಮೊದಲು ಕೈವಾರ ಇಲ್ಲದೆ ಮಾಡೋಣ. ಓದಿ ಮುಗಿಸಿದ ಮೇಲೆ ಈ ಪುರವಣಿಯ ಹಾಳೆಯೇ ಸಾಕು. ಹಾಳೆಯನ್ನು ಒಮ್ಮೆ ಮಡಚಿ. ಮೊದಲ ಮಡಿಕೆಯ ಅಂಚು ತನ್ನ ಮೇಲೆ ತಾನೇ ಸರಿಯಾಗಿ ಕೂರುವಂತೆ ಮತ್ತೊಮ್ಮೆ ಮಡಚಿ. ಎರಡು ಮಡಿಕೆಗಳು ಕೂಡುವ ಮೂಲೆಯಿಂದ ಒಂದು ಅಂಚಿನಲ್ಲಿ 4 ಸೆಂ.ಮೀ., ಇನ್ನೊಂದರಲ್ಲಿ 3 ಸೆಂ.ಮೀ. ಗುರುತು ಹಾಕಿ. ಎರಡನ್ನೂ ಗೆರೆಯಿಂದ ಕೂಡಿಸಿ, ಕತ್ತರಿಸಿ, ಬಿಚ್ಚಿ. ಮಡಿಕೆಗಳಿರುವ ಮೂಲೆಯನ್ನೇ ಹಿಡಿಯಬೇಕು. ಬಿಚ್ಚಿಕೊಂಡಿರುವ ಮೂಲೆ ಕತ್ತರಿಸಿದರೆ ನಾಲ್ಕು ತ್ರಿಕೋನದ ಚೂರು ಕೆಳಗೆ ಬೀಳುತ್ತವೆ ಅಷ್ಟೇ.

ಬಿಚ್ಚಿದ ಹಾಳೆಯನ್ನು ಸುಮ್ನೆ ಎರಡು ನಿಮಿಷ ನೋಡಿ. ನಾಲ್ಕು ಪದರ ಒಂದೇ ಏಟಿಗೆ ಕತ್ತರಿಸಿದ್ದರಿಂದ ನಾಲ್ಕೂ ಬದಿ ಸಮ. ಮಡಿಕೆಯ ಗೆರೆಗಳೇ ಕರ್ಣಗಳು. ಅವು ಒಂದನ್ನೊಂದು ಸರಿ ಅರ್ಧ ಮಾಡುತ್ತವೆ, 90 ಡಿಗ್ರಿಯಲ್ಲಿ ಕತ್ತರಿಸುತ್ತವೆ, ಮೂಲೆಯ ಕೋನಗಳನ್ನೂ ಸಮನಾಗಿ ಸೀಳುತ್ತವೆ. ಕರ್ಣಗಳು 8 ಮತ್ತು 6 ಸೆಂ.ಮೀ. ಬದಿ ಅಳೆದರೆ 5. ಪಾಯ ಹಾಕುವಾಗ ಗೌಂಡಿಗಳು ಮೂಲೆ ನೋಡಲು ಬಳಸುವ 3–4–5ರ ಲೆಕ್ಕವೇ ಇದು.

ಈಗ ಕೈವಾರ. 8 ಸೆಂ.ಮೀ. ಗೆರೆ ಎಳೆದು ತುದಿಗಳಿಗೆ ಎ, ಸಿ ಅಂತ ಹೆಸರಿಡಿ. ಕೈವಾರವನ್ನು 5 ಸೆಂ.ಮೀ. ಅಗಲಿಸಿ. ಎ ಮೇಲೆ ಮುಳ್ಳು ಊರಿ ಗೆರೆಯ ಮೇಲೊಂದು, ಕೆಳಗೊಂದು ಕಂಸ ಎಳೆಯಿರಿ. ಅಳತೆ ಬದಲಿಸದೆ ಸಿ ಇಂದಲೂ ಹಾಗೇ ಎಳೆಯಿರಿ. ಕಂಸಗಳು ಕೂಡಿದ ಕಡೆ ಬಿ ಮತ್ತು ಡಿ. ನಾಲ್ಕೂ ಬಿಂದು ಸೇರಿಸಿದರೆ ಮುಗಿಯಿತು. ಕೈವಾರದ ತಿರುಪು ಸಡಿಲ ಇದ್ದರೆ ಮೊದಲೇ ಬಿಗಿ ಮಾಡಿಕೊಳ್ಳಿ. ಮಕ್ಕಳ ಚಿತ್ರ ಕೆಡುವುದು ಜಾಸ್ತಿ ಅಲ್ಲೇ. ಅಳತೆ 4ಕ್ಕಿಂತ ಕಡಿಮೆ ಆದರೆ ಕಂಸಗಳು ಕೂಡುವುದೇ ಇಲ್ಲ.

ಈ ಕಂಸಗಳನ್ನು ಎಲ್ಲೋ ನೋಡಿದ ಹಾಗಿದೆ, ಅಲ್ವಾ? ಲಂಬ ಸಮದ್ವಿಭಾಜಕ, ಅಂದರೆ ಒಂದು ಗೆರೆಯನ್ನು 90 ಡಿಗ್ರಿಯಲ್ಲಿ ಸರಿ ಅರ್ಧ ಮಾಡುವ ಗೆರೆ, ಎಳೆಯುವಾಗ ಮಾಡುವುದೂ ಇದನ್ನೇ. ನಡುವೆ ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ. ವಜ್ರಾಕೃತಿ ಅಲ್ಲೇ ಇತ್ತು, ಯಾರೂ ಬಿಂದು ಕೂಡಿಸಲಿಲ್ಲ. ಬಿ ಮತ್ತು ಡಿ ಎರಡೂ ಎ, ಸಿಗಳಿಂದ ಸಮ ದೂರದಲ್ಲಿವೆ. ಕರ್ಣಗಳು ಲಂಬವಾಗಿ ಕೂಡಲು ಕಾರಣವೂ ಅದೇ.

ಕೋನಮಾಪಕ ಇಟ್ಟರೆ ಎ ಹತ್ತಿರ ಸುಮಾರು 74 ಡಿಗ್ರಿ, ಬಿ ಹತ್ತಿರ ಸುಮಾರು 106. ಎದುರು ಕೋನಗಳು ಸಮ, ಪಕ್ಕದವು ಕೂಡಿದರೆ 180.

ವಿಸ್ತೀರ್ಣ ಕೇಳಿದರೆ ಮಕ್ಕಳು ಥಟ್ಟನೆ ಐದೈದಲಿ ಇಪ್ಪತ್ತೈದು ಅನ್ನುತ್ತಾರೆ. ಹಾಳೆಯ ವಜ್ರಾಕೃತಿಯನ್ನು ಮಡಿಕೆಗಳ ಗುಂಟ ಕತ್ತರಿಸಿ. ನಾಲ್ಕು ತ್ರಿಕೋನ ಸಿಗುತ್ತವೆ. ಎರಡೆರಡು ಜೋಡಿಸಿದರೆ 4ಕ್ಕೆ 3ರ ಎರಡು ಆಯತ, ಒಟ್ಟು 24 ಚದರ ಸೆಂ.ಮೀ. ಕರ್ಣಗಳನ್ನು ಗುಣಿಸಿ ಅರ್ಧ ಮಾಡಿದರೂ ಅಷ್ಟೇ. 25 ಬರುವುದು ಕಡ್ಡಿಗಳು ಚೌಕವಾಗಿ ನಿಂತಾಗ ಮಾತ್ರ. ಅಂದ ಹಾಗೆ, ಚೌಕವೂ ವಜ್ರಾಕೃತಿಯೇ. ಅದರ ಕರ್ಣಗಳೂ ಸಮ ಅನ್ನುವುದಷ್ಟೇ ಹೆಚ್ಚುವರಿ.

ಕೊಪ್ಪಳದಿಂದ ಹೊಸಪೇಟೆಗೆ ಹೋಗುವಾಗ ಮುನಿರಾಬಾದ್ ಹತ್ತಿರ ಒಮ್ಮೆ ನಮ್ಮ ಕಾರು ಪಂಕ್ಚರ್ ಆಯಿತು. ಡಿಕ್ಕಿಯಿಂದ ಜಾಕ್ ತೆಗೆದೆ. ನಾಲ್ಕು ತೋಳಿನ, ನಡುವೆ ಅಡ್ಡ ತಿರುಪು ಇರುವ ಜಾಕ್. ಹಿಡಿ ತಿರುಗಿಸಿದಂತೆ ಅಡ್ಡ ಕರ್ಣ ಕುಗ್ಗಿ ನಿಂತ ಕರ್ಣ ಬೆಳೆಯುತ್ತದೆ. ನಮ್ಮ 5 ಸೆಂ.ಮೀ. ಬದಿಯ ಲೆಕ್ಕದಲ್ಲಿ ಹೇಳುವುದಾದರೆ, ಅಡ್ಡ 8 ಇದ್ದದ್ದು 6ಕ್ಕೆ ಬಂದರೆ, ನಿಂತದ್ದು 6ರಿಂದ 8ಕ್ಕೆ ಏರುತ್ತದೆ. ಉದ್ದ ಎಷ್ಟೇ ಬದಲಾದರೂ ಕರ್ಣಗಳ ನಡುವಿನ 90 ಡಿಗ್ರಿ ಕದಲುವುದಿಲ್ಲ. ಅಡ್ಡ ತಿರುಪು ನೆಲಕ್ಕೆ ಸಮಾಂತರವಾಗಿ ಇರುವವರೆಗೆ ನಿಂತ ಕರ್ಣವೂ ನೆಟ್ಟಗೇ ಇರುತ್ತದೆ. ಟೈರ್ ಬದಲಿಸಿ ಜಾಕ್ ಹೊರಗೆಳೆದ ಮೇಲೆ ಅಣ್ಣನ ಮಗಳು ಅದರ ಪಕ್ಕ ಕೂತು ನಾಲ್ಕೂ ತೋಳಿಗೆ ಗೇಣು ಹಚ್ಚಿ ಅಳೆದಳು. ‘ಇದು ಹೌದು ಕಾಕಾ’ ಅಂದಳು.