ಕೊರೋನಾ ಕಾಲದಲ್ಲಿ ನಮ್ಮ ಮನೆಯ ಕಸ, ನೀರು ಮತ್ತು ಓಣಿಯ ಮಂದಿ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ವಿಜಯಪುರ ಪೂರ್ತಿ ಬಾಗಿಲು ಹಾಕಿಕೊಂಡಿತ್ತು. ಕಸದ ಗಾಡಿ ಮಾತ್ರ ಬರುತ್ತಿತ್ತು. ನಾವು ಮುಟ್ಟಲು ಹೆದರುವ ಮಾಸ್ಕ್‌ಗಳನ್ನು ಪೌರಕಾರ್ಮಿಕರು ತರಕಾರಿ ಸಿಪ್ಪೆಯ ನಡುವಿನಿಂದ ಕೈಯಿಂದಲೇ ಆರಿಸಬೇಕಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಕಸ ಕೊಡುವ ರೀತಿ.

ಬಳಸಿದ ಮಾಸ್ಕನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಪೇಪರ್ ಚೀಲಕ್ಕೆ ಹಾಕುತ್ತಿದ್ದೆ. ಕತ್ತರಿಸದಿದ್ದರೆ ಯಾರಾದರೂ ತೊಳೆದು ಮತ್ತೆ ಮಾರಬಹುದು. ಆ ಚೀಲವನ್ನು ಕನಿಷ್ಠ 72 ಗಂಟೆ ಬೇರೆ ಇಟ್ಟು, ಆಮೇಲೆ ಒಣ ಕಸಕ್ಕೆ ಕೊಡಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳಿತ್ತು. ಚೀಲದ ಮೇಲೆ ತಾರೀಖು ಬರೆದು ಹಿತ್ತಲಲ್ಲಿ ತೂಗು ಹಾಕಿದರೆ ಮುಗೀತು. ಹತ್ತಿರದ ಅಂಗಡಿಗೆ ಹೋಗಿಬರಲು ಮೂರು ಪದರದ ಹತ್ತಿ ಬಟ್ಟೆಯ ಮಾಸ್ಕ್ ಹೊಲಿದುಕೊಂಡಿದ್ದೆವು. ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕುತ್ತಿದ್ದೆವು. ಆದರೆ ಆಸ್ಪತ್ರೆಗೆ ಹೋಗುವಾಗ, ಜ್ವರ ಬಂದವರ ಆರೈಕೆ ಮಾಡುವಾಗ ಎನ್-95 ಬೇಕೇ ಬೇಕು. ಪರಿಸರದ ಹೆಸರಿನಲ್ಲಿ ಅಲ್ಲಿ ಜಿಪುಣತನ ಮಾಡಬಾರದು.

ಹಸಿ ಕಸ ಗಾಡಿಗೆ ಕೊಡಲೇ ಇಲ್ಲ. ತಳಕ್ಕೆ ತೂತು ಹಾಕಿದ ಹಳೆಯ ಗಡಿಗೆಯಲ್ಲಿ ಸಿಪ್ಪೆ ಒಂದು ಪದರ, ಒಣ ಬೇವಿನೆಲೆ ಒಂದು ಪದರ, ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಒಣಗಿದರೆ ಕೊಳೆಯುವುದಿಲ್ಲ. ಆಗಾಗ ನೀರು ಚಿಮುಕಿಸಬೇಕು. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಅಂತ ತಿಳಿಯಬೇಕು.

ಕೈ ತೊಳೆಯುವುದು ಸುಲಭದ ಮಾತು ಅನ್ನಿಸಬಹುದು. ನಮಗೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಬರುತ್ತದೆ, ಆದರೆ ಆಗ ನಳಕ್ಕೆ ದಿನಾ ಬರುತ್ತಿರಲಿಲ್ಲ. ವೈರಸ್‌ನ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಒಡೆಯುವುದು ಸೋಪು. ನೀರು ಅದನ್ನು ತೊಳೆದು ಒಯ್ಯುತ್ತದೆ ಅಷ್ಟೇ. ಹಾಗಾಗಿ ಸಣ್ಣ ತಂಬಿಗೆಯಿಂದ ಕೈ ಒದ್ದೆ ಮಾಡಿಕೊಂಡು, ನೀರು ಬಿಡದೆ 20 ಸೆಕೆಂಡು ಉಜ್ಜಿ, ಉಳಿದ ನೀರಿನಲ್ಲಿ ತೊಳೆಯುತ್ತಿದ್ದೆವು. ಕೆಳಗೆ ಬಕೆಟ್ ಇಟ್ಟು ಆ ನೀರನ್ನು ಪಾಯಖಾನೆಗೆ ಬಳಸಿದೆವು. ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕುವವರು ಅದನ್ನು ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಅದೇ ಹೊತ್ತಿಗೆ ದ್ರಾಕ್ಷಿ ಕೊಯ್ಲು. ಮಾರ್ಕೆಟ್ ಬಂದ್, ಲಾರಿ ಇಲ್ಲ. ತಿಕೋಟಾ ಕಡೆಯ ಪರಿಚಯದ ರೈತರೊಬ್ಬರು ಫೋನ್ ಮಾಡಿ, 'ಅಕ್ಕಾರ, ಹಣ್ಣು ಬಳ್ಳಿ ಮ್ಯಾಲೇ ಕೊಳಿಯಾಕತ್ತಾವ್ರೀ' ಅಂದರು. ಓಣಿಯವರೆಲ್ಲ ಫೋನಿನಲ್ಲೇ ಮಾತಾಡಿಕೊಂಡು ಒಂದು ಟೆಂಪೋ ತರಿಸಿದೆವು. ಪ್ರತಿ ಮನೆಯವರೂ ಕಟ್ಟೆಯ ಮೇಲೆ ಸ್ವಂತ ಬುಟ್ಟಿ ಇಟ್ಟಿದ್ದರು. ಪ್ಲಾಸ್ಟಿಕ್ ಚೀಲವೇ ಬೇಕಾಗಲಿಲ್ಲ, ಗದ್ದಲವೂ ಆಗಲಿಲ್ಲ. ಜಾಸ್ತಿಯಾದ ಹಣ್ಣನ್ನು ಮಾಳಿಗೆಯ ಮೇಲೆ ನೆರಳಿನಲ್ಲಿ ಒಣಗಿಸಿದೆವು.

2021ರ ಎರಡನೇ ಅಲೆ ಬೇರೆ ಥರ ಇತ್ತು. ಎದುರು ಮನೆಯ ಕಾಕಾ, ಕಾಕುಗೆ ಇಬ್ಬರಿಗೂ ಜ್ವರ. ಮಗ ಪುಣೆಯಲ್ಲಿ. ಬೆಳಿಗ್ಗೆ ನುಚ್ಚು, ಮಜ್ಜಿಗೆ, ಮಧ್ಯಾಹ್ನ ಮೆತ್ತನೆಯ ರೊಟ್ಟಿ, ಬೇಳೆ ಪಲ್ಯ ಕಟ್ಟೆಯ ಮೇಲಿಟ್ಟು ದೂರ ನಿಂತು ಕೂಗುತ್ತಿದ್ದೆ. ಊಟಕ್ಕಿಂತ ನನಗೆ ಮುಖ್ಯವಾಗಿದ್ದದ್ದು ಆಕ್ಸಿಮೀಟರ್, ಅಂದರೆ ಬೆರಳಿಗೆ ಹಾಕಿ ರಕ್ತದಲ್ಲಿನ ಆಮ್ಲಜನಕ ಅಳೆಯುವ ಸಣ್ಣ ಯಂತ್ರ. ಓಣಿಗೆಲ್ಲ ಒಂದೇ ಇತ್ತು, ಸ್ಯಾನಿಟೈಸರ್ ಹಚ್ಚಿದ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದೆವು. ಕಾಕುನ ಬೆರಳಿನ ತುದಿಗೆ ಮದರಂಗಿ ಇತ್ತು, ಅಂಕಿ ಕುಣಿಯುತ್ತಿತ್ತು. ಬಣ್ಣವಿಲ್ಲದ ಬೆರಳಿಗೆ ಹಾಕಿ, ಕೈ ಬೆಚ್ಚಗಿಟ್ಟು, ಅಂಕಿ ನಿಲ್ಲುವತನಕ ಕಾಯಲು ಹೇಳಿದೆ. ಕೂತಾಗ ಸರಿಯಿದ್ದರೂ ಸಾಲದು, ಮನೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡಬೇಕು.

ಒಂದು ಸಂಜೆ ನಡೆದ ಮೇಲೆ ಕಾಕಾನದು 94ಕ್ಕಿಂತ ಕೆಳಗಿಳಿಯಿತು. ಅವರಿಗೆ ದಮ್ಮು ಅಂತ ಏನೂ ಅನ್ನಿಸಿರಲಿಲ್ಲ. 'ಏನ್ ಆಗಿಲ್ಲವಾ, ನಾಳೆ ನೋಡೂಣು' ಅಂದರು. ನಾವು ಕೇಳಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ, ಗಾಡಿ ಬರುವವರೆಗೆ ಬೋರಲು ಮಲಗಿಸಿ, ಕಿಟಕಿಗಳನ್ನೆಲ್ಲ ತೆಗೆಸಿ, ಆ ರಾತ್ರಿಯೇ ಆಸ್ಪತ್ರೆಗೆ ಕಳಿಸಿದೆವು. ವಾಪಸ್ ಬಂದ ಮೇಲೆ ಕಾಕಾ ಓಣಿಗೆ ಇನ್ನೊಂದು ಆಕ್ಸಿಮೀಟರ್ ತರಿಸಿಕೊಟ್ಟರು.