ಮಾಟುಂಗದ ಹೋಮ್‌ಸ್ಟೇ: ಮುಂಗಡ ಕಳಿಸುವ ಮುನ್ನ ಕೇಳಬೇಕಾದ್ದು

ಮುಂಬಯಿಯ ಮಾಟುಂಗ, ಚೆಂಬೂರು, ಮುಲುಂಡ್ ಕಡೆ ಹೋಮ್‌ಸ್ಟೇ ಎಂದರೆ ಹೆಚ್ಚಾಗಿ ಹೌಸಿಂಗ್ ಸೊಸೈಟಿಯ ಫ್ಲ್ಯಾಟಿನಲ್ಲೊಂದು ಕೋಣೆ. ಬಾಡಿಗೆ ಪಡೆಯುವವರು ಮನೆಯವರು, ಗೇಟು ಮಾತ್ರ ಸೊಸೈಟಿಯದು. ಆದ್ದರಿಂದ ಮೊದಲು ಕೇಳಬೇಕಾದ್ದು ಏಸಿ, ವೈಫೈ ಅಲ್ಲ. ದುಡ್ಡು ಕೊಟ್ಟು ಉಳಿಯುವವರು ಬರುತ್ತಾರೆಂದು ಸೆಕ್ರೆಟರಿಗೆ ಗೊತ್ತೇ, ವಾಚ್‌ಮನ್ ಕೇಳಿದರೆ ಏನು ಹೇಳಬೇಕು ಎಂದು. ‘ನೆಂಟರು ಅಂತ ಹೇಳಿಬಿಡಿ’ ಎಂಬ ಉತ್ತರ ಬಂದರೆ ಬೇರೆ ಮನೆ ನೋಡಿ. ತಕರಾರು ಎದ್ದಾಗ ರಾತ್ರಿ ಹನ್ನೊಂದಕ್ಕೆ ಬ್ಯಾಗು ಹಿಡಿದು ಕೆಳಗೆ ನಿಲ್ಲುವವರು ನೀವು. ಗುರುತಿಗೆ ಮೊದಲ ಎಂಟು ಅಂಕಿ ಮರೆಸಿದ ಮಾಸ್ಕ್ಡ್ ಆಧಾರ್ ಕೊಡಿ.

ಅಡುಗೆಮನೆ ಬಳಸಬಹುದೇ, ಮೊಟ್ಟೆ-ಮೀನು ನಡೆಯುತ್ತದೆಯೇ ಎಂಬುದನ್ನೂ ಆಗಲೇ ಬಗೆಹರಿಸಿಕೊಳ್ಳಿ. ಊರಿನಿಂದ ಕಟ್ಟಿಕೊಂಡು ಬಂದ ಒಣಮೀನು ಇಡೀ ಮಹಡಿಗೆ ಸುದ್ದಿ ಮುಟ್ಟಿಸುತ್ತದೆ!

ವಿಳಾಸದಲ್ಲಿ ಬಿಲ್ಡಿಂಗ್, ವಿಂಗ್, ಮಹಡಿಯ ಜೊತೆಗೆ ಹತ್ತಿರದ ಲೋಕಲ್ ರೈಲು ಸ್ಟೇಷನ್ನಿನ ಹೆಸರೂ ಇರಲಿ. ಮಾಟುಂಗ ಸೆಂಟ್ರಲ್ ಲೈನಿನದು, ಮಾಟುಂಗ ರೋಡ್ ವೆಸ್ಟರ್ನ್‌ನದು, ಕಿಂಗ್ಸ್ ಸರ್ಕಲ್ ಹಾರ್ಬರಿನದು. ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ಮಾಟುಂಗದಲ್ಲಿ ನಿಲ್ಲದು. ದಾದರಿನಲ್ಲಿ ಇಳಿದು ಸ್ಲೋ ಹಿಡಿಯಬೇಕು. ಬೆಳಿಗ್ಗೆ 8ರಿಂದ 11ರವರೆಗೆ ಸೂಟ್‌ಕೇಸ್ ಇದ್ದರೆ ಲೋಕಲ್ ಹತ್ತಲೇಬೇಡಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲಿನಲ್ಲಿ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬಂದು ಮಾಟುಂಗಕ್ಕೆ ಹೋಗುವವರು ಆಟೋ ಬಿಟ್ಟು ಟ್ಯಾಕ್ಸಿ ಹಿಡಿಯಿರಿ. ಆಟೋಗೆ ಸಾಯನ್ ದಾಟಿ ಬರಲು ಅನುಮತಿಯಿಲ್ಲ.

ಹೆಚ್ಚು ಜನ ಸೋಲುವುದು ನೀರಿನಲ್ಲಿ. ಪಾಲಿಕೆ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಹಳೆಯ ಕಟ್ಟಡಗಳಲ್ಲಿ ಟ್ಯಾಂಕ್ ಬರಿದಾದರೆ ಮಧ್ಯಾಹ್ನ ನಲ್ಲಿಯೂ ಒಣಗುತ್ತದೆ. ಹೊತ್ತು ಕೇಳಿಕೊಂಡು ಒಂದು ಬಕೆಟ್ ತುಂಬಿಸಿಡಿ. ಬಚ್ಚಲಲ್ಲಿರುವುದು ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಆದರೆ ನಲ್ಲಿ ಪೂರ್ತಿ ತಿರುಗಿಸಬೇಡಿ. ಕಾಯಲು ಸಮಯ ಸಿಗದೆ ನೀರು ತಣ್ಣಗೇ ಸುರಿಯುತ್ತದೆ, ಗೀಸರ್ ಕೆಟ್ಟಿದೆ ಎಂದು ನೀವು ಮನೆಯವರನ್ನು ಎಬ್ಬಿಸುತ್ತೀರಿ. ಸಣ್ಣ ಧಾರೆ ಬಿಟ್ಟರೆ ಹದಿನೈದು ಲೀಟರಿನ ಬಕೆಟ್ ತುಂಬಲು ಸುಮಾರು ಐದು ನಿಮಿಷ ಸಾಕು.

ಬಾಗಿಲಿಗೆ ಲ್ಯಾಚ್ ಇದ್ದರೆ ಎಳೆದ ಕೂಡಲೇ ಬೀಗ ಬೀಳುತ್ತದೆ. ಕಸ ಇಡಲು ಎರಡು ಹೆಜ್ಜೆ ಹೊರಗೆ ಹೋದರೂ ಕೀಲಿ ಕಿಸೆಯಲ್ಲಿರಲಿ. ಹಸಿಕಸ, ಒಣಕಸ ಬೇರೆ ಬೇರೆ ಡಬ್ಬಿಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಜೀನ್ಸ್ ಊರಲ್ಲೇ ಬಿಟ್ಟುಬನ್ನಿ. ಚಾವಣಿಗೆ ಹಗ್ಗದಿಂದ ಏರಿಸುವ ಕೋಲಿನ ಮೇಲೆ ಅದು ಎರಡು ದಿನವಾದರೂ ಒಣಗುವುದಿಲ್ಲ.